ಹೆದರಿಕೆಯ ಆಫೀಸರು

ಹೆಬ್ಬಾವಿನ ಮೇಲೆ ಕೂತು ಒಂದು ಕಣ್ಣು ನಿದ್ದೆ ತೆಗೆದದ್ದೇ ಇಷ್ಟಕ್ಕೆಲ್ಲ ಕಾರಣವಾಯಿತು ಎಂದು ಪರೀಕ್ಷೆ ಅಕ್ಕ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಹೆಬ್ಬಾವು ಅಂದರೆ ಅವಳು ಕೆಲಸ ಮಾಡುತ್ತಿದ್ದ ಮೋಜಿನ ಪಾರ್ಕಿನ ದೊಡ್ಡ ರೋಲರ್ ಕೋಸ್ಟರ್. ಮರಗಳ ತುದಿಗಿಂತ ಎತ್ತರಕ್ಕೆ ಏದುಸಿರು ಬಿಡುತ್ತ ಹತ್ತಿ, ಅಲ್ಲಿ ಒಂದು ಗಳಿಗೆ ಯೋಚನೆ ಮಾಡಿ, ಮೂಗು ಮುಂದಾಗಿ ಬೀಳುವಂಥದ್ದು. ಬೆಳಿಗ್ಗೆ ಗೇಟು ತೆಗೆಯುವ ಮೊದಲು ಪಾರ್ಕಿನ ಪ್ರತಿಯೊಂದು ಆಟದಲ್ಲೂ ಒಂದೊಂದು ಸುತ್ತು ಕೂತು ಬಂದು, ಎಲ್ಲ ಸರಿಯಾಗಿದೆ, ಜನರನ್ನು ಬಿಡಬಹುದು ಎಂದು ಹೇಳುವುದು ಅವಳ ಕೆಲಸ, ಪರೀಕ್ಷೆ ಅಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಮದುವೆಯಾದ ಹೊಸತರಲ್ಲಿ ಸೇರಿಕೊಂಡದ್ದು. ಈಗ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು, ಹೆಬ್ಬಾವು ಮಾತ್ರ ಅದೇ ಜಾಗದಲ್ಲಿ ಬಿದ್ದು ಅದೇ ಜಾಗದಲ್ಲಿ ಏಳುತ್ತಿತ್ತು. ಅದು ಬೀಳುವ ಹೊತ್ತಿಗೆ ಅವಳಿಗೆ ಆಕಳಿಕೆ. ಎರಡನೇ ತಿರುವಿನಲ್ಲಿ ತೂಕಡಿಕೆ. ಸರಿಯಾಗಿರುವ ಯಂತ್ರ ತೊಟ್ಟಿಲಿದ್ದ ಹಾಗೆ, ನಿದ್ದೆ ಬಂತು ಅಂದರೆ ಬೋಲ್ಟುಗಳೆಲ್ಲ ಗಟ್ಟಿ ಇವೆ ಅಂತಲೇ ಅರ್ಥ ಎಂಬುದು ಅವಳ ನಂಬಿಕೆ.

ಹಳೆಯ ಯಜಮಾನರಿದ್ದಿದ್ದರೆ ಅದನ್ನು ಒಪ್ಪುತ್ತಿದ್ದರೋ ಏನೋ. ಅವರು ತೀರಿಕೊಂಡ ಮೇಲೆ ಪಾರ್ಕು ಅಳಿಯನ ಕೈಗೆ ಬಂದಿತ್ತು. ಈ ಹೊಸ ಯಜಮಾನರು ಅಲ್ಲಿಯವರೆಗೆ ಸೀಲಿಂಗ್ ಫ್ಯಾನ್ ತಯಾರಿಸುತ್ತಿದ್ದವರು. ತಿರುಗುವುದನ್ನೆಲ್ಲ ಫ್ಯಾನಿನ ನೆಂಟರೆಂದೇ ತಿಳಿದವರು. ಒಳ್ಳೆಯ ಮನುಷ್ಯ, ಯಾರ ಮೇಲೂ ಕೂಗಾಡಿದವರಲ್ಲ. ಆದರೆ ತಲೆಗೆ ಒಂದು ವಿಚಾರ ಹೊಕ್ಕಿತು ಅಂದರೆ ಅದನ್ನು ಹೊರಗೆ ತಳ್ಳುವುದು ಯಾರಿಂದಲೂ ಆಗದು. ಆ ದಿನ ಬೆಳಿಗ್ಗೆ ಅವರು ಹೆಬ್ಬಾವಿನ ಕಟ್ಟೆಯ ಮೇಲೆ ನಿಂತಿದ್ದರು. ಹೆಬ್ಬಾವು ಸುತ್ತು ಮುಗಿಸಿ ಬಂದು ನಿಂತಿತು. ಪರೀಕ್ಷೆ ಅಕ್ಕ ಇಳಿಯಲಿಲ್ಲ. ತಲೆ ಒಂದು ಕಡೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆಯೂ ಇತ್ತು ಎಂದು ಯಂತ್ರ ನಡೆಸುವವನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅದು ಶುದ್ಧ ಸುಳ್ಳು.

ಯಜಮಾನರು ಬೈಯಲಿಲ್ಲ. ಮನೆಯಲ್ಲಿ ಯಾರೋ ತೀರಿಹೋದ ಹಾಗೆ ಕಟ್ಟೆಯ ಅಂಚಿನಲ್ಲಿ ಕುಸಿದು ಕೂತರು.

"ಏನಮ್ಮ, ನಾವು ಜನಕ್ಕೆ ಮಾರ್ತಿರೋದು ಹೆದರಿಕೆನಾ, ನಿದ್ದೆನಾ?" ಎಂದು ಕೇಳಿದರು.

ಅವಳು, ಬೋಲ್ಟು ಗಟ್ಟಿ ಇವೆ ಸಾರ್ ಎಂದಷ್ಟೇ ಹೇಳಿ ಮುಂದಿನ ಆಟವಾದ ತೂಗುದೋಣಿಯ ಕಡೆ ಹೊರಟುಹೋದಳು.

ಅದೇ ಮಧ್ಯಾಹ್ನ ಯಜಮಾನರು ಎಲ್ಲರನ್ನೂ ಗೋಡೌನಿಗೆ ಕರೆಸಿದರು. ತಿರುಗುವ ಕುದುರೆಗಳ ಪೈಕಿ ಕಿವಿ ಮುರಿದವು, ಬಾಲ ಹೋದವು ಅಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದವು. ಜನ ಅವುಗಳ ಮೇಲೇ ಕೂತರು. ಪಾರ್ಕನ್ನು ಸುಧಾರಿಸುವುದು ಹೇಗೆ, ಯಾರಿಗೆ ಏನು ತೋಚುತ್ತದೋ ಸಂಕೋಚ ಬಿಟ್ಟು ಹೇಳಿ ಎಂದರು ಯಜಮಾನರು. ಟಿಕೆಟ್ ಕೊಡುವಾಕೆ, ತಾನು ದಿನವಿಡೀ ಒಂದೇ ಗೋಡೆ ನೋಡಿಕೊಂಡು ಕೂರುವುದರಿಂದ ಟಿಕೆಟ್ ಕೌಂಟರನ್ನೇ ತಿರುಗುವ ಹಾಗೆ ಮಾಡಿದರೆ ಚೆನ್ನ ಎಂದಳು. ಕಾವಲುಗಾರ, ಹೊರಗೆ ಹೋಗುವ ಗೇಟನ್ನು ಎಲ್ಲಾದರೂ ಬಚ್ಚಿಟ್ಟರೆ ಜನ ಹೆಚ್ಚು ಹೊತ್ತು ಒಳಗಿರುತ್ತಾರೆ ಎಂದ. ಕ್ಯಾಂಟೀನಿನವನು, ಜೈಂಟ್ ವೀಲನ್ನು ತುದಿಯಲ್ಲಿ ನಿಲ್ಲಿಸಿ, ಏನು ತಿನ್ನುತ್ತೀರಿ ಎಂದು ಕೇಳಿ, ಹೇಳಿದ ಮೇಲೆಯೇ ಇಳಿಸಬೇಕು ಎಂದ. ಎಲೆಕ್ಟ್ರಿಷಿಯನ್ ಎಲ್ಲರಿಗಿಂತ ಬುದ್ಧಿವಂತ. ಎಲ್ಲ ಆಟಗಳ ದೀಪ ಆರಿಸಿ ಎಲ್ಲಕ್ಕೂ ದೆವ್ವದ ಮನೆ ಎಂದೇ ಹೆಸರಿಟ್ಟುಬಿಡೋಣ, ತನಗೂ ಕೆಲಸ ಕಡಿಮೆ ಎಂದ.

ಯಜಮಾನರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೊನೆಗೆ, ಫ್ಯಾನಿಗೆ ರೆಗ್ಯುಲೇಟರ್ ಇರುತ್ತದೆ, ಒಂದರಲ್ಲಿ ಎಷ್ಟು ಗಾಳಿ, ಐದರಲ್ಲಿ ಎಷ್ಟು ಗಾಳಿ ಎಂದು ಕೊಳ್ಳುವವನಿಗೆ ಗೊತ್ತಿರುತ್ತದೆ, ನಮ್ಮ ಆಟಗಳಲ್ಲಿ ಯಾವುದರಲ್ಲಿ ಎಷ್ಟು ಹೆದರಿಕೆ ಇದೆ ಎಂದು ಅಳೆದವರು ಯಾರು ಎಂದು ಕೇಳಿದರು. ಯಾರೂ ಅಳೆದಿರಲಿಲ್ಲ. ಅಳೆಯುವ ಕೆಲಸದವಳಾದರೋ ನಿದ್ದೆ ಮಾಡುತ್ತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ತಾನು ಕೂತಿದ್ದ ಕುದುರೆಯ ಕುತ್ತಿಗೆಯನ್ನು ನೋಡುತ್ತ ಕೂತಳು.

ಸದ್ಯಕ್ಕೆ ಎಲ್ಲರಿಗೂ ಹೊಸ ಸಮವಸ್ತ್ರವಾದರೂ ಆಗಲಿ ಎಂದು ಸಭೆ ಮುಗಿಯಿತು. ಬಟ್ಟೆ ಹೊಲಿಯುವುದಕ್ಕೆ ಅವಳ ಗಂಡನನ್ನೇ ಕರೆಸುವುದು ಎಂದಾಯಿತು.

ಅವಳ ಗಂಡ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೈ ಬಹಳ ನಾಜೂಕು, ಆದರೆ ಮನುಷ್ಯ ಹುಟ್ಟಾ ಪುಕ್ಕಲ. ಕರೆಂಟಿನ ಹೊಲಿಗೆ ಯಂತ್ರ ತನ್ನಷ್ಟಕ್ಕೆ ತಾನೇ ಓಡಿಬಿಟ್ಟರೆ ಎಂದು ಇವತ್ತಿಗೂ ಕಾಲಲ್ಲಿ ತುಳಿಯುವ ಯಂತ್ರ. ಸ್ಟೂಲು ಹತ್ತಲಾರ, ಬಲ್ಬು ಬದಲಾಯಿಸುವವಳು ಅವಳೇ. ಪಾರಿವಾಳ ಕಿಟಕಿಯಲ್ಲಿ ಕೂತರೆ ಅದು ಎದ್ದು ಹೋಗುವವರೆಗೆ ಕತ್ತರಿ ಮುಟ್ಟುತ್ತಿರಲಿಲ್ಲ. ಇಬ್ಬರೂ ಒಮ್ಮೆ ದೊಡ್ಡ ಅಂಗಡಿಗೆ ಹೋದಾಗ ಎಸ್ಕಲೇಟರಿನ ಬುಡದಲ್ಲಿ ನಿಂತವನು ಜಪ್ಪಯ್ಯ ಅಂದರೂ ಹೆಜ್ಜೆ ಇಡಲಿಲ್ಲ. ಅವಳು ಮೇಲೆ ಹೋಗಿ ಬೇಕಾದ್ದು ಕೊಂಡು ಬರುವವರೆಗೆ ಬಾಗಿಲ ಹತ್ತಿರ ಚಪ್ಪಲಿ ಕಾಯುವವನ ಹಾಗೆ ನಿಂತಿದ್ದ. ಅವನ ಅಣ್ಣನಂತೂ ನೆಂಟರ ಎದುರಿಗೆ ಅವನನ್ನು ಪುಕ್ಕಲ ಅಂತಲೇ ಕೂಗುತ್ತಿದ್ದ. ಅವಳು ಅದಕ್ಕೆ ನಗುತ್ತಲೂ ಇರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಗಂಡನ ಹೆದರಿಕೆ ಅವಳಿಗೆ ಮನೆಯ ಸೋರುವ ನಲ್ಲಿಯ ಹಾಗೆ ಅಭ್ಯಾಸವಾಗಿತ್ತು.

ಅಳತೆ ತೆಗೆದುಕೊಳ್ಳಲು ಬಂದವನು ಎಲ್ಲರದೂ ತೆಗೆದುಕೊಂಡ. ಕೊನೆಗೆ ಉಳಿದವನು ಪುಟಾಣಿ ರೈಲಿನ ಡ್ರೈವರು. ಪುಟಾಣಿ ರೈಲು ಚಿಕ್ಕ ಮಕ್ಕಳದ್ದು. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಹೂವಿನ ಪಾತಿಯನ್ನು ಒಂದು ಸುತ್ತು ಹಾಕಿ ಬರುತ್ತದೆ. ಡ್ರೈವರು, ತನಗೆ ಇಳಿಯಲು ಪುರುಸೊತ್ತಿಲ್ಲ, ನೀವೇ ಹತ್ತಿ ಎಂದ. ಟೈಲರು ಒಂದು ಕಾಲು ಒಳಗಿಟ್ಟು, ಟೇಪನ್ನು ಅವನ ಭುಜಕ್ಕೆ ಹಿಡಿದಾಗ ಗಂಟೆ ಹೊಡೆಯಿತು. ರೈಲು ಹೊರಟಿತು.

ಆಗ ಬಂದ ಕೂಗನ್ನು ಕೇಳಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಪರೀಕ್ಷೆ ಅಕ್ಕ ಪಾರ್ಕಿನ ಇನ್ನೊಂದು ತುದಿಯಲ್ಲಿ ಎಣ್ಣೆ ಡಬ್ಬ ಹಿಡಿದು ನಿಂತಿದ್ದಳು, ಅಲ್ಲಿಗೂ ಕೇಳಿಸಿತು. ಮೊದಲು ಸಣ್ಣಗೆ ಶಿಳ್ಳೆಯ ಹಾಗೆ ಹೊರಟು, ತಿರುವಿನಲ್ಲಿ ಅಗಲವಾಗಿ, ಹೂವಿನ ಪಾತಿಯ ಹಿಂದೆ ಒಂದು ಕ್ಷಣ ನಿಂತು, ಎಲ್ಲರೂ ಮುಗಿಯಿತು ಅಂದುಕೊಂಡಾಗ ಮತ್ತೆ ಮೇಲೆದ್ದು ಬಂತು. ಹೆಬ್ಬಾವಿನ ಸಾಲಿನಲ್ಲಿ ನಿಂತಿದ್ದ ಜನ ಸಾಲು ಬಿಟ್ಟು ಓಡಿದರು. ಜೈಂಟ್ ವೀಲಿನಲ್ಲಿದ್ದವರು ಇಳಿಸಿ ಇಳಿಸಿ ಎಂದು ಬಡಿದರು. ರೈಲು ಬಂದು ನಿಂತಾಗ ಟೈಲರು ಡ್ರೈವರನ್ನು ಅಳತೆಯ ಟೇಪಿನಿಂದ ಕಟ್ಟಿಹಾಕಿದವನ ಹಾಗೆ ತಬ್ಬಿಕೊಂಡಿದ್ದ. ಹಿಂದಿನ ಡಬ್ಬಿಯಲ್ಲಿದ್ದ ಒಂದು ಪುಟ್ಟ ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಳು. ಸುತ್ತ ಸೇರಿದ್ದ ಗಂಡಸರು ಹೆಂಗಸರು, ಈ ರೈಲಿಗೆ ಟಿಕೆಟ್ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು.

ಯಜಮಾನರು ಗುಂಪನ್ನು ಸೀಳಿಕೊಂಡು ಬಂದು ಟೈಲರ ಕೈ ಹಿಡಿದುಕೊಂಡರು. ಕೈ ಇನ್ನೂ ನಡುಗುತ್ತಿತ್ತು. ಆ ನಡುಕವನ್ನು ಅವರು ಒಳ್ಳೆಯ ಮೋಟರಿನ ಮೇಲೆ ಕೈಯಿಟ್ಟವರ ಹಾಗೆ ಕಣ್ಣುಮುಚ್ಚಿ ಅನುಭವಿಸಿದರು.

ಮಾರನೆಯ ದಿನದಿಂದ ಟೈಲರು ಪಾರ್ಕಿನ ಹೆದರಿಕೆಯ ಆಫೀಸರು. ಒಂದು ಟೋಪಿ, ಒಂದು ಕುರ್ಚಿ, ಕೂಗಿ ಕೂಗಿ ಗಂಟಲು ಒಣಗಿದರೆ ಕುಡಿಯಲು ಬಿಸಿನೀರಿನ ಫ್ಲಾಸ್ಕು. ಪ್ರತಿ ಆಟದಲ್ಲೂ ಅವನನ್ನು ಕೂರಿಸಬೇಕು, ಅವನು ಎಷ್ಟು ಕೂಗುತ್ತಾನೋ ಅದರ ಪ್ರಕಾರ ಆಟಕ್ಕೆ ದರ್ಜೆ. ಮನೆಯಲ್ಲಿ ಅವಳು ಇದನ್ನು ಕೇಳಿ ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿದಳು. ಇಷ್ಟು ವರ್ಷ ತಾನು ಸರಿ ಎಂದರೆ ಸರಿ ಎನ್ನುತ್ತಿದ್ದ ಪಾರ್ಕು ಈಗ ಪಾರಿವಾಳಕ್ಕೆ ಹೆದರುವವನ ಮಾತು ಕೇಳುತ್ತದೆಯೇ ಎಂಬ ಉರಿ ಒಂದು ಕಡೆ. ನಾಲ್ಕು ಜನರೆದುರು ಗಂಡನನ್ನು ನಗೆಪಾಟಲು ಮಾಡುತ್ತಾರಲ್ಲ ಎಂಬ ಸಂಕಟ ಇನ್ನೊಂದು ಕಡೆ. ಬೇಡ ಅಂತ ಹೇಳಿಬಿಡಿ ಎಂದಳು.

ಟೈಲರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹೊಲಿಗೆಯನ್ನು ಪರೀಕ್ಷಿಸುತ್ತಿದ್ದ. "ಇಷ್ಟು ವರ್ಷ ಬಿಟ್ಟಿ ಹೆದರಿದೆ ಕಣೆ," ಎಂದ. "ಒಬ್ಬರಾದ್ರೂ ಚೆನ್ನಾಗಿ ಹೆದರ್ತೀಯ ಅನ್ನಲಿಲ್ಲ."

ಅವಳು ಕುಕ್ಕಿದ ಪಾತ್ರೆಯನ್ನು ಎತ್ತಿಕೊಂಡು ಉಜ್ಜತೊಡಗಿದಳು.

ಅಳತೆಯ ಕೆಲಸ ಶುರುವಾಯಿತು. ಪುಟಾಣಿ ರೈಲು ನಿಸ್ಸಂಶಯವಾಗಿ ಮೊದಲನೇ ದರ್ಜೆ. ತಿರುಗುವ ಕುದುರೆಗಳು ಹತ್ತಿರ ಹತ್ತಿರ ಅಷ್ಟೇ. ಅವು ಹಲ್ಲು ಕಾಣಿಸುವ ಹಾಗೆ ನಗುತ್ತವೆ, ಯಾಕೆ ನಗುತ್ತವೆ ಎಂದು ಗೊತ್ತಾಗುವುದಿಲ್ಲ ಎಂದು ಟೈಲರು ಕಾರಣ ಕೊಟ್ಟ. ಕನ್ನಡಿ ಕೋಣೆಯಲ್ಲಿ ಅವನು ತನ್ನಷ್ಟೇ ಗಾಬರಿಯಾದ ಬಹಳ ಜನರನ್ನು ಕಂಡು ಎಲ್ಲರಿಗೂ ಕ್ಷಮೆ ಕೇಳುತ್ತ ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಬಂದ. ಒಳಬರುವ ಗೇಟಿನಲ್ಲಿ ಜನರನ್ನು ಒಬ್ಬೊಬ್ಬರನ್ನಾಗಿ ಬಿಡುವ ತಿರುಗುವ ಕಂಬಿ ಇತ್ತಲ್ಲ, ಅದು ಅವನ ಹೊಟ್ಟೆಗೆ ತಾಕಿದಾಗ ಬಂದ ಕೂಗನ್ನು ಕೇಳಿ ಯಜಮಾನರು ಆ ಕಂಬಿಯನ್ನೂ ಒಂದು ಆಟವೆಂದು ಘೋಷಿಸಿದರು. ದೆವ್ವದ ಮನೆಯಲ್ಲಿ ಮಾತ್ರ ಅವನು ಅಷ್ಟೇನೂ ಕೂಗಲಿಲ್ಲ. ಅಲ್ಲಿನ ಅಸ್ಥಿಪಂಜರದ ಅಂಗಿಯ ಕಾಲರು ಕಿತ್ತುಹೋಗಿತ್ತು. ಅದನ್ನು ನೋಡಿ ಮರುಕಪಟ್ಟು, ಸೂಜಿ ದಾರ ತರಿಸಿ ಹೊಲಿದುಕೊಟ್ಟ.

ಕೊನೆಗೆ ಹೆಬ್ಬಾವು. ಆ ದಿನ ಪಾರ್ಕಿನವರೆಲ್ಲ ಕೆಲಸ ಬಿಟ್ಟು ಬಂದು ಸೇರಿದರು. ಎಲೆಕ್ಟ್ರಿಷಿಯನ್ ಕಿವಿಗೆ ಹತ್ತಿ ಇಟ್ಟುಕೊಂಡ. ಪರೀಕ್ಷೆ ಅಕ್ಕ ತಾನೇ ಗಂಡನ ಎದೆಗೆ ಅಡ್ಡಕಂಬಿ ಇಳಿಸಿ, ಎರಡು ಸಲ ಜಗ್ಗಿ ನೋಡಿದಳು. ಹೆಬ್ಬಾವು ಹತ್ತಿತು, ನಿಂತಿತು, ಬಿತ್ತು. ಚಕ್ರಗಳ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಸತ್ತೇಹೋದರೋ ಏನೋ ಎಂದು ಅವಳು ಕಟ್ಟೆಯ ಅಂಚಿಗೆ ಓಡಿದಳು. ಬಂದು ನಿಂತಾಗ ಟೈಲರು ಕೆದರಿದ ಕೂದಲನ್ನು ಕೈಯಲ್ಲಿ ಸರಿಮಾಡಿಕೊಳ್ಳುತ್ತ ಕೂತಿದ್ದ. ಗಾಳಿ ಚೆನ್ನಾಗಿತ್ತು ಎಂದ.

ಯಜಮಾನರು ಇನ್ನೊಮ್ಮೆ ಕೂರಿಸಿದರು. ಮತ್ತೆ ಅದೇ.

"ಎದೆಗೆ ಅಡ್ಡ ಕಂಬಿ ಹಾಕ್ತಾರೆ, ಬೀಗ ಹಾಕ್ತಾರೆ, ಬೀಳಲ್ಲ ಅಂತ ಒಬ್ಬರು ಬೆಳಿಗ್ಗೇನೇ ನೋಡಿ ಹೇಳಿರ್ತಾರೆ," ಎಂದು ಟೈಲರು ವಿವರಿಸಿದ. "ಸುತ್ತ ಇರೋರೂ ಕೂಗ್ತಿರ್ತಾರೆ, ಯಾಕೋ ಕೂಗ್ತೀಯ ಅಂತ ಯಾರೂ ಕೇಳಲ್ಲ. ಇಷ್ಟು ಅನುಕೂಲ ರಸ್ತೆಯಲ್ಲಿ ಎಲ್ಲಿದೆ ಹೇಳಿ."

ಅಲ್ಲಿಗೆ ಪಾರ್ಕು ಬುಡಮೇಲಾಯಿತು. ಪುಟಾಣಿ ರೈಲಿನ ಸುತ್ತ ಕಬ್ಬಿಣದ ಬೇಲಿ ಬಂತು, ಹೃದಯದ ತೊಂದರೆ ಇರುವವರು ಹತ್ತಬಾರದು ಎಂಬ ಬೋರ್ಡು ಬಂತು, ಮಕ್ಕಳಿಗೆ ಪ್ರವೇಶ ನಿಂತಿತು. ಹೆಬ್ಬಾವಿಗೆ ತಿಳಿಹಳದಿ ಬಣ್ಣ ಬಳಿದು, ಹಾಲುಗಲ್ಲದ ಮಕ್ಕಳು ಮತ್ತು ವಯಸ್ಸಾದವರ ವಿಭಾಗಕ್ಕೆ ಸೇರಿಸಿದರು. ಜನ ನಗಬಹುದು ಎಂದು ಪರೀಕ್ಷೆ ಅಕ್ಕ ಕಾದಳು. ಯಾರೂ ನಗಲಿಲ್ಲ. ಬೋರ್ಡಿನಲ್ಲಿ ಬರೆದದ್ದನ್ನು ಜನ ನಂಬಿದರು. ಗಿರಿಜಾಮೀಸೆಯ ಗಂಡಸರು ಪುಟಾಣಿ ರೈಲಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಹೂವಿನ ಪಾತಿಯ ತಿರುವು ಬಂದಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಇಳಿದು ಬಂದವರ ಮುಖ ಬಿಳಿಚಿಕೊಂಡಿರುತ್ತಿತ್ತು. ಅತ್ತ ಹೆಬ್ಬಾವಿನಲ್ಲಿ ಅಜ್ಜಿಯಂದಿರು ಉಲ್ಲನ್ ಹೆಣೆಯುತ್ತ, ಸೊಸೆಯಂದಿರ ಸುದ್ದಿ ಮಾತಾಡುತ್ತ ತಲೆಕೆಳಗಾಗಿ ಹೋಗಿ ಬರುತ್ತಿದ್ದರು. ಯಜಮಾನರ ಅತ್ತೆಯೂ ಊಟವಾದ ಮೇಲೆ ಬಂದು ಎರಡು ಸುತ್ತು ಹಾಕಿ, ಹೊಟ್ಟೆ ಹಗುರಾಯಿತು ಎನ್ನುತ್ತಿದ್ದರು.

ಟೈಲರು ಬೀದಿಯಲ್ಲಿ ನಡೆದರೆ ಜನ ಗುರುತು ಹಿಡಿಯುವಂತಾಯಿತು. ತಾಯಂದಿರು ಮಕ್ಕಳನ್ನು ಮುಂದೆ ತಳ್ಳಿ, ನಮ್ಮವನೂ ಸ್ವಲ್ಪ ಹೆದರುತ್ತಾನೆ ಸಾರ್, ಮುಂದೆ ಬರಬಹುದೇ ನೋಡಿ ಎನ್ನುತ್ತಿದ್ದರು. ಅವಳು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದಳು. ಆದರೆ ಮನೆಯಲ್ಲಿ ಅವನು ದಿನೇ ದಿನೇ ಮಂಕಾಗುತ್ತಿದ್ದ. ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದ. ಒಂದು ದಿನ ಪಾರಿವಾಳ ಕಿಟಕಿಯಲ್ಲಿ ಬಂದು ಕೂತಿತು. ಅವನು ಅದನ್ನು ನೋಡಿಯೂ ಬಟ್ಟೆ ಕತ್ತರಿಸುತ್ತಲೇ ಇದ್ದ. ಗಂಟಲು ನೋವಿರಬೇಕು ಎಂದು ಅವಳು ಶುಂಠಿ ಕಷಾಯ ಮಾಡಿಕೊಟ್ಟು ಸುಮ್ಮನಾದಳು.

ಇಷ್ಟರಲ್ಲಿ ಯಜಮಾನರಿಗೆ ಹಳೆಯ ಆಟಗಳು ಸಾಲದಾದವು. ಆಫೀಸರನ್ನು ಕೂರಿಸಿಕೊಂಡು, ಲೋಕದಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಯಾವುದು, ಖರ್ಚಿನ ಯೋಚನೆ ಬೇಡ, ಅದನ್ನೇ ಕಟ್ಟಿಸೋಣ ಎಂದರು. ಟೈಲರು ಬಹಳ ಹೊತ್ತು ಯೋಚಿಸಿ ಹೇಳಿದ: ಯಾರಾದರೂ ಎದುರಿಗೆ ಬಂದು, ನಿಮ್ಮ ಹತ್ತಿರ ಒಂದು ವಿಷಯ ಮಾತಾಡೋದಿತ್ತು, ಈಗ ಬೇಡ, ಆಮೇಲೆ ಹೇಳ್ತೀನಿ, ಎಂದು ಹೊರಟುಹೋಗುತ್ತಾರಲ್ಲ, ಅದು.

ಯಜಮಾನರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವರಿಗೂ ಬೆವರು ಬಂದಿತ್ತು.

ಗೋಡೌನಿನ ಪಕ್ಕದಲ್ಲಿ ಕೋಣೆ ಎದ್ದಿತು. ಒಳಗೆ ನೆಲಕ್ಕೆ ಬೋಲ್ಟು ಹಾಕಿದ ಒಂದು ಕುರ್ಚಿ, ಒಂದು ಹೂಜಿ ನೀರು, ಬರಿಯ ಗೋಡೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಬೇಕು. ಒಬ್ಬರು ಬಾಗಿಲಲ್ಲಿ ನಿಂತು, ವಿನಯವಾಗಿ ಆ ಮಾತು ಹೇಳಿ, ಬಾಗಿಲು ಹಾಕಿಕೊಂಡು ಹೋಗಬೇಕು. ಒಂದಿಷ್ಟು ಹೊತ್ತಾದ ಮೇಲೆ ಬಾಗಿಲು ತೆಗೆದು, ಆಯಿತು, ಹೋಗಿ ಬನ್ನಿ ಎನ್ನಬೇಕು. ಆಟ ಅಷ್ಟೇ. ಮಾತು ಹೇಳಲು ಫ್ಯಾನ್ ಕಾರ್ಖಾನೆಯ ಹಳೆಯ ಗುಮಾಸ್ತರನ್ನು ಗೊತ್ತುಮಾಡಿದರು. ಆಟಕ್ಕೆ 'ಆಮೇಲೆ ಹೇಳ್ತೀನಿ' ಎಂದೇ ಹೆಸರಿಟ್ಟರು.

ಆದರೆ ಪರೀಕ್ಷೆ ಅಕ್ಕ ಕೂತು ನೋಡದೆ ಯಾವ ಆಟವನ್ನೂ ತೆಗೆಯುವ ಹಾಗಿರಲಿಲ್ಲ. ಆ ಪದ್ಧತಿಯನ್ನು ಯಜಮಾನರೂ ಮುರಿದಿರಲಿಲ್ಲ. ಹೊಸ ಆಟ ತೆಗೆಯಬೇಕಾದ ಬೆಳಿಗ್ಗೆ ಅವಳು ಕೋಣೆಗೆ ಬಂದರೆ ಗುಮಾಸ್ತರ ಸುಳಿವಿಲ್ಲ. ಅವರು ಹಿಂದಿನ ಸಂಜೆ ಆ ಮಾತನ್ನು ಹೆಂಡತಿಯ ಮೇಲೆ ಅಭ್ಯಾಸ ಮಾಡಿ ನೋಡಿದ್ದರಂತೆ. ಆಯಮ್ಮ ಅವರನ್ನು ಇನ್ನೂ ಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಸರಿ, ನಾನೇ ಹೇಳ್ತೀನಿ ಎಂದು ಟೈಲರು ಮುಂದೆ ಬಂದ.

ಅವಳು ಕುರ್ಚಿಯ ಬೋಲ್ಟುಗಳನ್ನು ಬೆರಳಲ್ಲಿ ತಟ್ಟಿ ನೋಡಿದಳು, ಕೂತಳು, ಕೈ ಕಟ್ಟಿಕೊಂಡಳು. ಆಕಳಿಕೆ ಆಗಲೇ ಬರುತ್ತಿತ್ತು. ಟೈಲರು ಬಾಗಿಲಲ್ಲಿ ನಿಂತ. ಟೋಪಿ ತೆಗೆದ. ಅವಳ ಮುಖ ನೋಡಿದವನು ನೆಲ ನೋಡಿದ.

"ನಿನ್ನ ಹತ್ರ ಒಂದು ವಿಷಯ ಮಾತಾಡೋದಿತ್ತು. ಈಗ ಬೇಡ. ಆಮೇಲೆ ಹೇಳ್ತೀನಿ."

ಬಾಗಿಲು ಮುಚ್ಚಿತು.

ಆಕಳಿಕೆ ಅರ್ಧದಲ್ಲೇ ಉಳಿಯಿತು. ಇದು ಆಟ, ಗಂಡ ಹೇಳಿದ್ದು ಗುಮಾಸ್ತರ ಮಾತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಗುಮಾಸ್ತರ ಮಾತಿಗೆ ಟೋಪಿ ಯಾಕೆ ತೆಗೆಯಬೇಕು? ನೆಲ ಯಾಕೆ ನೋಡಬೇಕು? ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದದ್ದು ನೆನಪಾಯಿತು. ತನಗೆ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾನೋ ಏನೋ. ಮಗಳು ಇವನಿಗೊಬ್ಬನಿಗೇ ಫೋನು ಮಾಡಿ ಏನಾದರೂ ಹೇಳಿದ್ದಾಳೋ. ಅಥವಾ ಇಷ್ಟು ಹೆಸರು ಬಂದ ಮೇಲೆ ಈ ಎಣ್ಣೆ ಕೈಯ ಹೆಂಡತಿ ಬೇಡವಾಗಿದ್ದಾಳೋ. ಹೂಜಿಯಿಂದ ನೀರು ಬಗ್ಗಿಸಿಕೊಳ್ಳಲು ಹೋದರೆ ಅದು ಮಡಿಲಿಗೆ ಚೆಲ್ಲಿತು. ಹೆಬ್ಬಾವಿನಿಂದ ಇಳಿದ ಜನ ಹೊಟ್ಟೆ ಹಿಡಿದುಕೊಂಡು ಧಸಕ್ಕಂತು ಧಸಕ್ಕಂತು ಎನ್ನುವುದನ್ನು ಅವಳು ವರ್ಷಗಟ್ಟಲೆ ಕೇಳಿದ್ದಳು. ಹಾಗಂದರೆ ಏನು ಎಂದು ತಿಳಿದಿರಲಿಲ್ಲ. ಈಗ ನೆಲಕ್ಕೆ ಬೋಲ್ಟು ಹಾಕಿದ, ಒಂದಿಂಚೂ ಅಲುಗದ ಕುರ್ಚಿಯ ಮೇಲೆ ಅವಳ ಹೊಟ್ಟೆಯೊಳಗೆ ಏನೋ ಮೇಲಿಂದ ಕಳಚಿಕೊಂಡು ಬಿದ್ದುಬಿಟ್ಟಿತು. ಅದು ಬೀಳುತ್ತಲೇ ಇತ್ತು. ಕೆಳಗೆ ತಾಕುತ್ತಲೇ ಇರಲಿಲ್ಲ.

ಬಾಗಿಲು ತೆಗೆಯುವವರೆಗೆ ಕಾಯಲಿಲ್ಲ. ತಾನೇ ಎದ್ದು ತಳ್ಳಿಕೊಂಡು ಹೊರಗೆ ಬಂದಳು. ಟೈಲರು ಮೆಟ್ಟಿಲ ಮೇಲೆ ಕೂತಿದ್ದ.

"ಏನ್ರೀ ವಿಷಯ?"

"ಏನೂ ಇಲ್ಲ. ಆಟ ಅಷ್ಟೇ."

"ಆಟದ ಮಾತು ಬಿಡಿ. ನಿಮ್ಮ ಮುಖದಲ್ಲಿ ಇದ್ದದ್ದು ಏನು?"

ಅವನು ಟೋಪಿಯನ್ನು ಕೈಯಲ್ಲಿ ತಿರುವಿದ. ಆಮೇಲೆ, ಯಾರಿಗೂ ಹೇಳಬೇಡ ಎಂದು ಶುರುಮಾಡಿ ಎಲ್ಲ ಹೇಳಿದ. ಹೆದರಿಕೆ ಹೊರಟುಹೋಗಿದೆ. ಯಾವತ್ತು ಹೋಯಿತು ಎಂದು ಸರಿಯಾಗಿ ಗೊತ್ತಿಲ್ಲ. ಒಂದು ದಿನ ಪುಟಾಣಿ ರೈಲಿನಲ್ಲಿ ಕೂತರೆ ಕೂಗು ಬರಲಿಲ್ಲ, ಹೂವಿನ ಪಾತಿ ಚೆನ್ನಾಗಿ ಕಂಡಿತು. ಎಲ್ಲರೂ ಕಾಯುತ್ತಿದ್ದರಲ್ಲ, ಅದಕ್ಕೇ ಸುಳ್ಳು ಸುಳ್ಳೇ ಕೂಗಿದ. ಆವತ್ತಿನಿಂದ ಕೂಗುವುದೆಲ್ಲ ಬಾಯಿಪಾಠ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತಾನೆ. ಹೆದರುವುದೊಂದು ಬಿಟ್ಟು ತನಗೆ ಬೇರೇನೂ ಬಾರದು ಎಂದು ಊರೆಲ್ಲ ಒಪ್ಪಿದ ಮೇಲೆ ಅದೇ ಕೈಬಿಟ್ಟಿತು.

ಅವಳಿಗೆ ನಗು ಬಂತು, ಅಳುವೂ ಬಂತು; ಎರಡನ್ನೂ ನುಂಗಿಕೊಂಡು ಪಕ್ಕದಲ್ಲಿ ಕೂತಳು. ಹಾಗಾದರೆ ಈಗ ಯಾವ ಹೆದರಿಕೆಯೂ ಇಲ್ಲವೇ ಎಂದು ಕೇಳಿದಳು.

"ಒಂದಿದೆ," ಎಂದ ಟೈಲರು. "ಅದನ್ನ ನಿಮ್ಮ ಯಜಮಾನರಿಗೆ ಹೇಳಿಲ್ಲ. ಹೇಳಿದ್ರೆ ಅದಕ್ಕೂ ಟಿಕೆಟ್ ಇಡ್ತಾರೆ."

"ಯಾವುದು?"

"ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೀನು ಹತ್ತಿ ಕೂರ್ತೀಯ. ಏನಾದ್ರೂ ಮುರಿಯೋದಿದ್ರೆ ನೀನು ಕೂತಾಗಲೇ ಮುರಿಯತ್ತೆ. ಅದಕ್ಕೇ ಅಲ್ವ ನಿನ್ನನ್ನ ಕೂರಿಸೋದು. ಗೇಟು ತೆಗೀತು ಅಂತ ನೀನು ಫೋನ್ ಮಾಡೋವರೆಗೆ ನಾನು ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿರ್ತೀನಿ. ಮದುವೆ ಆದಾಗಿನಿಂದ. ಪಾರಿವಾಳ, ಸ್ಟೂಲು ಎಲ್ಲ ಅದರ ಚಿಲ್ಲರೆ."

ಅವಳು ಒದ್ದೆಯಾದ ಮಡಿಲನ್ನು ನೋಡುತ್ತ ಕೂತಳು. ಇಷ್ಟು ವರ್ಷದಲ್ಲಿ ಈ ಮಾತು ಅವಳ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಫೋನು ಮಾಡುವುದನ್ನು ಎಷ್ಟೋ ದಿನ ಮಾತಿನ ನಡುವೆ ಮರೆತು, ಹತ್ತು ಗಂಟೆಯ ಚಹಾ ಕುಡಿದ ಮೇಲೆ ಮಾಡಿದ್ದಳು.

ಹೊಸ ಆಟ ಸರಿಯಾಗಿದೆ, ಆದರೆ ಕುರ್ಚಿಗೆ ಹಿಡಿದುಕೊಳ್ಳಲು ಕೈ ಬೇಕು ಎಂದು ಯಜಮಾನರಿಗೆ ಹೇಳಲು ಅವಳು ಹೋದಳು. ಗಂಡನ ವಿಷಯವನ್ನೂ ಮುಚ್ಚಿಡಬಾರದು ಎನಿಸಿತು. ತಾನು ಸುಳ್ಳು ವರದಿ ಕೊಟ್ಟವಳಲ್ಲ. ನಿಮ್ಮ ಹತ್ತಿರ ಒಂದು ವಿಷಯ ಮಾತಾಡೋದಿತ್ತು ಸಾರ್ ಎಂದು ಬಾಗಿಲಲ್ಲಿ ನಿಂತದ್ದೇ ತಡ, ಯಜಮಾನರು ಚಹಾ ಲೋಟ ಕೆಳಗಿಟ್ಟು ಎದ್ದು ನಿಂತರು. "ಈಗಲೇ ಹೇಳಿಬಿಡಮ್ಮ. ಕೂರೋದಕ್ಕೂ ಹೋಗಬೇಡ," ಎಂದರು.

ಹೇಳಿದಳು. ಯಜಮಾನರಿಗೆ ಸಿಟ್ಟು ಬರಲಿಲ್ಲ. ಯಾವ ರೆಗ್ಯುಲೇಟರೂ ದಿನವಿಡೀ ಐದರಲ್ಲೇ ಇಟ್ಟರೆ ಸುಟ್ಟುಹೋಗುತ್ತದೆ, ತಪ್ಪು ತಮ್ಮದೇ ಎಂದರು. ಟೈಲರು ಬೇಕಾದರೆ ಮತ್ತೆ ಅಂಗಡಿಗೆ ಹೋಗಲಿ, ಟೋಪಿ ಅವರೇ ಇಟ್ಟುಕೊಳ್ಳಲಿ, ಬೇರೆಯವರನ್ನು ನೋಡೋಣ ಎಂದರು.

ಬೇರೆಯವರಿಗೆ ಬರವಿರಲಿಲ್ಲ. ಗೇಟಿನ ಮುಂದೆ ಪುಕ್ಕಲರ ಸಾಲು ನಿಂತಿತು. ಕಾವಲುಗಾರ ನೆಗಡಿಯಾಗಿ ಸೀನಿದಾಗ ಸಾಲಿನಲ್ಲಿದ್ದವರೆಲ್ಲ ಒಬ್ಬರಿಗಿಂತ ಒಬ್ಬರು ಎತ್ತರಕ್ಕೆ ಹಾರಿದರು. ಸಾಲಿನ ಮುಂದೆಯೇ ಟೈಲರ ಅಣ್ಣ ಇದ್ದ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಹೆದರುವವನು ನಾನು, ನನ್ನನ್ನು ನೋಡಿ ತಮ್ಮ ಕಲಿತ, ಅವನಿಗೆ ಬಂದದ್ದು ನನ್ನ ಎಂಜಲು ಎಂದು ಅವನು ಯಜಮಾನರೆದುರು ವಾದಿಸಿದ. ಅಕ್ಕಪಕ್ಕದವರನ್ನೂ ಸಾಕ್ಷಿಗೆ ಕರೆದ. ಪರೀಕ್ಷೆ ಅಕ್ಕ ಅವನನ್ನು ತಾನೇ ಕರೆದುಕೊಂಡು ಹೋಗಿ ಹೊಸ ಕೋಣೆಯಲ್ಲಿ ಕೂರಿಸಿ, ಆ ಮಾತು ಹೇಳಿ, ಬಾಗಿಲು ಹಾಕಿದಳು. ಹೇಳುವಾಗ ದನಿ ಬಹಳ ಮೃದುವಾಗಿತ್ತು. ಅವನು ಹೊರಗೆ ಬಂದವನು ಯಾರ ಜೊತೆಗೂ ಮಾತಾಡದೆ ಸೀದಾ ಮನೆಗೆ ಹೋದ. ಕೆಲಸ ಅವನಿಗೆ ಸಿಗುತ್ತಿತ್ತು. ಕರೆ ಕಳಿಸಿದರೂ ಬರಲಿಲ್ಲ.

ಕೋಣೆಯಂತೂ ಊರಿಗೆಲ್ಲ ಹುಚ್ಚು ಹಿಡಿಸಿತು. ಆದರೆ ಯಜಮಾನರು ಎಣಿಸದ ಒಂದು ತೊಡಕು ಬಂತು. ಹೊರಗೆ ಬಂದವರು ಮುಂದಿನ ಆಟಕ್ಕೆ ಹೋಗುತ್ತಿರಲಿಲ್ಲ. ಜೊತೆಗೆ ಬಂದವರ ತೋಳು ಹಿಡಿದುಕೊಂಡು, ಏನಾದರೂ ಇದ್ದರೆ ಈಗಲೇ ಹೇಳು ಎಂದು ಅಲ್ಲೇ ನಿಂತುಬಿಡುತ್ತಿದ್ದರು. ಗಂಡ ಹೆಂಡತಿ, ಅತ್ತೆ ಸೊಸೆ, ಪಾಲುದಾರರು, ಎಲ್ಲರೂ. ದಾರಿಗೆ ಅಡ್ಡವಾಯಿತು ಎಂದು ಯಜಮಾನರು ಕೋಣೆಯ ಹಿಂದೆ ಬೆಂಚು ಹಾಕಿಸಿದರು. ಬೆಂಚು ಸಾಲದಾಗಿ ಇನ್ನಷ್ಟು ಹಾಕಿಸಿದರು. ಸಂಜೆ ಗೇಟು ಮುಚ್ಚುವಾಗ ಎಬ್ಬಿಸಿದರೂ ಜನ ಏಳುತ್ತಿರಲಿಲ್ಲ. ಹೆಬ್ಬಾವಿಗಿಂತ ಬೆಂಚಿಗೇ ಸಾಲು ಉದ್ದವಾದಾಗ ಅವರು ಕೈಚೆಲ್ಲಿ, ಬೆಂಚೂ ಒಂದು ಆಟವೇ ಎಂದು ಬೋರ್ಡು ಹಾಕಿಸಿದರು.

ಆಟ ಅಂದ ಮೇಲೆ ಬೆಳಿಗ್ಗೆ ಪರೀಕ್ಷೆ ಆಗಬೇಕು. ಬೆಂಚನ್ನು ಒಬ್ಬರೇ ಕೂತು ಪರೀಕ್ಷಿಸಲು ಬರುವುದಿಲ್ಲ. ಹಾಗಾಗಿ ಟೈಲರು ಅಂಗಡಿ ತೆಗೆಯುವ ಮೊದಲು ಹೆಂಡತಿಯ ಜೊತೆ ಪಾರ್ಕಿಗೆ ಬರತೊಡಗಿದ. ಅವಳು ಉಳಿದ ಆಟಗಳನ್ನು ಮುಗಿಸಿ ಬರುವವರೆಗೆ ಕೆಳಗೆ ನಿಂತು ನೋಡುತ್ತಿದ್ದ. ಕೊನೆಗೆ ಇಬ್ಬರೂ ಬೆಂಚಿನ ಮೇಲೆ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಬೆಂಚಿನ ಹಿಡಿ ಅಲುಗಿಸಿ ನೋಡಿ, ಕೈ ಒರೆಸಿಕೊಂಡು, ಒಂದು ವಿಷಯ ಹೇಳೋದಿತ್ತು ಎಂದಳು. ಆಮೇಲೆ ಎನ್ನಲಿಲ್ಲ, ಆಗಲೇ ಹೇಳಿದಳು. ಅವನು ಅವಳ ರವಿಕೆಯ ತೋಳಿಗೆ ಉಬ್ಬಿಸಿ ಇಡುವ ಪಫ್ ಅವಳಿಗೆ ಇಷ್ಟವಿಲ್ಲ.

ಟೈಲರು ಅವಳ ಕಡೆ ತಿರುಗಿದ. "ಯಾವಾಗಿಂದ?" ಎಂದು ಕೇಳಿದ.

"ಮೊದಲಿನಿಂದ."

ಅವನು ಅವಳ ತೋಳನ್ನು ಹಿಡಿದು, ಪಫ್ಫನ್ನು ಎರಡು ಬೆರಳಲ್ಲಿ ಅದುಮಿ, ಬಿಟ್ಟು, ಅದು ಮತ್ತೆ ಉಬ್ಬುವುದನ್ನು ನೋಡಿದ. ಚೆನ್ನಾಗಿ ಹೊಲಿದದ್ದೇನೋ ನಿಜ ಎಂದು ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ, ಇನ್ನೇನಾದರೂ ಇದೆಯೇ ಎಂದು ಕೇಳಿದ.

ಇದೆ ಎಂದು ಅವಳು ಕಾಲು ಮಡಚಿಕೊಂಡು ಸರಿಯಾಗಿ ಕೂತಳು. ಕಾವಲುಗಾರ ದೂರದಿಂದ, ಜನ ಬಂದಿದ್ದಾರೆ, ಗೇಟು ತೆಗೆಯಲೇ ಎಂದು ಕೂಗಿ ಕೇಳಿದ. ಸ್ವಲ್ಪ ತಾಳು ಎಂದು ಅವಳು ಕೈ ತೋರಿಸಿದಳು.